ಎಲ್ಲರ ಕಣ್ಣೂ ಒಂದೇ ಕಡೆ ಇದ್ದರೆ

ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ದಿನ ಬೆಳೆಗಾರನಾದವನು ಏನೇನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಮಳೆ ಎಷ್ಟು ಹೊತ್ತು ಹೊಳವು ಕೊಟ್ಟೀತು, ಮೈಲುತುತ್ತ ಪೂರ್ತಿ ಕರಗಿದೆಯೇ, ಸುಣ್ಣ ಸಾಕಾಗಿದೆಯೇ, ಪಂಪಿನ ಒತ್ತಡ ಸರಿಯಾಗಿದೆಯೇ, ಪೈಪು ಎಲ್ಲಿ ಸಿಕ್ಕಿಕೊಂಡಿದೆ, ಮರದ ಮೇಲಿರುವವನ ಕೈಕಾಲು ಸೋತಿವೆಯೇ, ಜಾರುವ ಮರ ಯಾವುದು, ಪೊಳ್ಳು ಮರ ಯಾವುದು, ತೋಟದ ಅಂಚಿನಲ್ಲಿ ಹಾದುಹೋಗುವ ವಿದ್ಯುತ್ ತಂತಿ ಎಷ್ಟು ಹತ್ತಿರದಲ್ಲಿದೆ. ಇವೆಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ. ಒಂದು ಮುಗಿಯಲಿ ಎಂದು ಇನ್ನೊಂದು ಕಾಯುವುದಿಲ್ಲ.

ಇವುಗಳಲ್ಲಿ ಯಾವುದೂ ನಮ್ಮ ಸದಸ್ಯರಿಗೆ ಗೊತ್ತಿಲ್ಲದ ವಿಷಯವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು ಎಂಬುದು ನಮ್ಮ ಸೀಮೆಗೆ ತಿಳಿದು ನೂರು ವರ್ಷ ದಾಟಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಆದರೂ ಕೊಳೆಯಿಂದ ಬೆಳೆ ಕಳೆದುಕೊಂಡವರು ಪ್ರತಿ ಮಳೆಗಾಲದಲ್ಲಿಯೂ ಇದ್ದಾರೆ. ಮರದಿಂದ ಬಿದ್ದವರು, ತಂತಿ ತಗುಲಿ ಸತ್ತವರು ಸಹ ಬಹುಮಟ್ಟಿಗೆ ಅನುಭವಸ್ಥರೇ ಹೊರತು ಹೊಸಬರಲ್ಲ.

ಹಾಗಾದರೆ ಕೊರತೆ ಇರುವುದು ತಿಳಿವಳಿಕೆಯಲ್ಲಿ ಅಲ್ಲ. ತಿಳಿದಿರುವುದು ಬೇರೆ, ಬೇಕಾದ ಗಳಿಗೆಯಲ್ಲಿ ಅದು ಎಚ್ಚರವಾಗಿರುವುದು ಬೇರೆ. ಈ ಎರಡನೆಯದನ್ನು ಕುರಿತು ಜಗತ್ತಿನಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಪರಿಶೀಲಿಸಿದವರು ವಿಮಾನದವರು. ಏಕೆಂದರೆ ವಿಮಾನದಲ್ಲಿ ಚಾಲಕರ ಮಾತು ಮತ್ತು ಯಂತ್ರಗಳ ಅಳತೆ ಎರಡೂ ದಾಖಲಾಗುತ್ತವೆ. ಅಪಘಾತದ ನಂತರ ಯಾರು ಯಾವಾಗ ಏನನ್ನು ನೋಡಿದರು, ಏನನ್ನು ನೋಡದೆ ಬಿಟ್ಟರು ಎಂಬುದನ್ನು ನಿಮಿಷ ನಿಮಿಷಕ್ಕೂ ಬಿಡಿಸಿ ನೋಡಬಹುದು. ನಮ್ಮ ತೋಟದ ಅನಾಹುತಗಳಿಗೆ ಅಂಥ ದಾಖಲೆ ಇಲ್ಲ. ಆದುದರಿಂದ ಅವರ ಅನುಭವದಿಂದ ನಾವು ಕಲಿಯಬಹುದಾದುದು ಬಹಳಷ್ಟಿದೆ ಎಂದು ನಮಗೆ ತೋರುತ್ತದೆ.

ಒಂದು ಸಣ್ಣ ದೀಪ

1972ರ ಡಿಸೆಂಬರ್ 29ರ ರಾತ್ರಿ. ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ 401ನೇ ಸಂಖ್ಯೆಯ ವಿಮಾನ ನ್ಯೂಯಾರ್ಕಿನಿಂದ ಮಯಾಮಿಗೆ ಬಂದು ಇಳಿಯುವ ಹಂತದಲ್ಲಿತ್ತು. ಒಳಗೆ 176 ಜನ. ಚಕ್ರಗಳನ್ನು ಇಳಿಸಿದಾಗ ಮೂತಿಯ ಚಕ್ರ ಸರಿಯಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಇಳಿಯುವುದನ್ನು ಬಿಟ್ಟು, ವಿಮಾನವನ್ನು 2000 ಅಡಿ ಎತ್ತರಕ್ಕೆ ಏರಿಸಿ, ಪಕ್ಕದ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದ ಮೇಲೆ ತಿರುಗಿಸಿದರು. ಎತ್ತರವನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಆಟೋಪೈಲಟ್ ಯಂತ್ರಕ್ಕೆ ಒಪ್ಪಿಸಿದರು. ಇಲ್ಲಿಯವರೆಗೆ ಮಾಡಿದ್ದೆಲ್ಲ ಸರಿ.

ಆಮೇಲೆ ಮುಖ್ಯ ಪೈಲಟ್ ಮತ್ತು ಸಹಾಯಕ ಪೈಲಟ್ ಇಬ್ಬರೂ ದೀಪದ ಬೆನ್ನು ಹತ್ತಿದರು. ಅದರ ಮುಚ್ಚಳ ತೆಗೆದದ್ದು ಮತ್ತೆ ಸರಿಯಾಗಿ ಕೂರದೆ ಸಿಕ್ಕಿಕೊಂಡಿತು. ಮೂರನೆಯವನಾದ ಫ್ಲೈಟ್ ಎಂಜಿನಿಯರನ್ನು, ಚಕ್ರ ಕಣ್ಣಿಗೆ ಕಾಣುತ್ತದೆಯೇ ನೋಡು ಎಂದು ನೆಲದ ಕೆಳಗಿನ ಕಿಂಡಿಗೆ ಇಳಿಸಿದರು. ಅಲ್ಲೇ ಇದ್ದ, ಅದೇ ಸಂಸ್ಥೆಯ ರಿಪೇರಿ ವಿಭಾಗದ ಒಬ್ಬ ನೌಕರನೂ ಅವನ ಹಿಂದೆ ಹೋದ. ಈ ನಡುವೆ ಯಾರದೋ ಮೈಕೈ ತಗುಲಿರಬೇಕು, ಎತ್ತರ ಹಿಡಿಯುವ ಯಂತ್ರ ತನ್ನ ಹಿಡಿತ ಬಿಟ್ಟಿತು. ವಿಮಾನ ಮೆಲ್ಲಮೆಲ್ಲನೆ ಇಳಿಯತೊಡಗಿತು. ಕತ್ತಲೆ. ಕೆಳಗೆ ಒಂದು ದೀಪವೂ ಇಲ್ಲದ ಜೌಗು. ಎತ್ತರ ತಪ್ಪಿದೆ ಎಂದು ಎಚ್ಚರಿಸುವ ಸದ್ದು ಒಮ್ಮೆ ಆಯಿತು. ಆದರೆ ಅದು ಆದದ್ದು ಎಂಜಿನಿಯರನ ಖಾಲಿ ಕುರ್ಚಿಯ ಬಳಿ.

ನೆಲದ ಮೇಲಿನ ನಿಯಂತ್ರಣಾಧಿಕಾರಿಯ ಪರದೆಯಲ್ಲಿ 900 ಅಡಿ ಎಂದು ಕಾಣಿಸಿತು. ಆ ಕಾಲದ ಉಪಕರಣ ಒಮ್ಮೊಮ್ಮೆ ತಪ್ಪು ಅಂಕಿ ತೋರಿಸುವುದುಂಟು. ಆತ ಎತ್ತರದ ಮಾತೆತ್ತದೆ, ಅಲ್ಲಿ ಎಲ್ಲ ಹೇಗೆ ನಡೆದಿದೆ ಎಂದಷ್ಟೇ ವಿಚಾರಿಸಿದ. ವಿಮಾನದವರು ದೀಪದ ಗುಂಗಿನಲ್ಲಿಯೇ ಇದ್ದು, ಸರಿಯಾಗಿದೆ, ಹಿಂದಿರುಗುತ್ತೇವೆ ಎಂದರು. ಕೆಲವೇ ಕ್ಷಣಗಳಲ್ಲಿ ವಿಮಾನ ಜೌಗಿಗೆ ಅಪ್ಪಳಿಸಿತು. 101 ಜನ ಸತ್ತರು.

ತನಿಖೆಯಿಂದ ತಿಳಿದದ್ದು ಇಷ್ಟು. ಚಕ್ರ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋದದ್ದು ದೀಪದ ಬಲ್ಬು ಮಾತ್ರ. ಕೊನೆಯ 4 ನಿಮಿಷ ವಿಮಾನದ ಅಳತೆಯ ಯಂತ್ರಗಳನ್ನು ಯಾರೂ ಗಮನಿಸಿರಲಿಲ್ಲ. ಸೋಮಾರಿಗಳು ಒಬ್ಬರೂ ಇರಲಿಲ್ಲ, ಎಲ್ಲರೂ ಶ್ರದ್ಧೆಯಿಂದ ದುಡಿಯುತ್ತಲೇ ಇದ್ದರು. ಆದರೆ ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದರು. ವಿಮಾನವನ್ನು ನೋಡಿಕೊಳ್ಳುವವರು ಇರಲಿಲ್ಲ.

ಮೂರು ಮೆಟ್ಟಿಲು

ಇಂಥ ಎಚ್ಚರಕ್ಕೆ ತಜ್ಞರು ಪರಿಸ್ಥಿತಿಯ ಅರಿವು ಎಂಬರ್ಥದ ಹೆಸರು ಕೊಟ್ಟಿದ್ದಾರೆ. ಅಮೆರಿಕದ ಮೈಕಾ ಎಂಡ್ಸ್ಲಿ ಎಂಬ ಮಹಿಳಾ ಎಂಜಿನಿಯರ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದರು. ಮೊದಲನೆಯದು ಕಾಣುವುದು. ಎರಡನೆಯದು ಕಂಡದ್ದರ ಅರ್ಥ ತಿಳಿಯುವುದು. ಮೂರನೆಯದು ಮುಂದೆ ಏನಾಗುತ್ತದೆ ಎಂದು ಊಹಿಸುವುದು.

ತೋಟದ ಮಾತಿನಲ್ಲಿ ಹೇಳುವುದಾದರೆ ಹೀಗೆ: ಆಷಾಢದ ಮಳೆಯಲ್ಲಿ ಮರದ ಬುಡದಲ್ಲಿ ನಾಲ್ಕು ಎಳೆಯ ಕಾಯಿ ಉದುರಿವೆ, ತೊಟ್ಟಿನ ಹತ್ತಿರ ನೀರು ಹೀರಿದಂತೆ ಕಡುಹಸಿರು ಮಚ್ಚೆಯಿದೆ. ಇದನ್ನು ನೋಡಿದ್ದು ಮೊದಲ ಮೆಟ್ಟಿಲು. ಇದು ಸುಮ್ಮನೆ ಉದುರಿದ ಕಾಯಲ್ಲ, ಕೊಳೆ ಹತ್ತಿದೆ, ಮೊದಲ ಔಷಧಿ ಹೊಡೆದು 40 ದಿನವಾಯಿತು, ಬಿಡದೆ ಸುರಿದ ಮಳೆಗೆ ಅದರ ಬಲ ಕುಂದಿದೆ ಎಂದು ಲೆಕ್ಕ ಹಾಕಿದ್ದು ಎರಡನೆಯ ಮೆಟ್ಟಿಲು. ಈ ಮಳೆ ಇನ್ನೊಂದು ವಾರ ಹೀಗೆಯೇ ಹಿಡಿದರೆ ಪಕ್ಕದ ಕೊನೆಗಳಿಗೂ ಹರಡುತ್ತದೆ, ಇವತ್ತು ಹೊಳವು ಕೊಟ್ಟಿರುವ ಎರಡು ಗಂಟೆಯನ್ನು ಬಿಡಬಾರದು ಎಂದು ಎದ್ದು ಹೊರಟದ್ದು ಮೂರನೆಯ ಮೆಟ್ಟಿಲು. ಉದುರಿದ ಕಾಯನ್ನು ದಿನವೂ ತುಳಿದುಕೊಂಡು ಓಡಾಡಿದವನು ಮೊದಲ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ನೋಡಿಯೂ ನಾಳೆ ವಿಚಾರಿಸೋಣ ಎಂದವನು ಅಲ್ಲಿಯೇ ನಿಂತುಬಿಟ್ಟ.

ಕಾಫಿಯಲ್ಲಿಯೂ ಇದೇ ಕಥೆ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದ್ದು ಎಲ್ಲರಿಗೂ ಕಾಣುತ್ತದೆ. ಕಾಂಡದ ಮೇಲೆ ಎದ್ದ ಏಣನ್ನು ಬೆರಳಿನಿಂದ ಮುಟ್ಟಿ ನೋಡಿ, ಒಳಗೆ ಬಿಳಿ ಕಾಂಡಕೊರಕ ಸೇರಿದೆ ಎಂದು ತಿಳಿಯುವವರು ಕೆಲವರು. ಏಪ್ರಿಲ್-ಮೇ ತಿಂಗಳಲ್ಲಿ ದುಂಬಿ ಹೊರಬಿದ್ದು ಹಾರುವ ಮೊದಲೇ ಈ ಗಿಡವನ್ನು ಕಿತ್ತು ಸುಡದಿದ್ದರೆ ಪಕ್ಕದವು ಉಳಿಯವು ಎಂದು ಮುಂಗಂಡು ಕೆಲಸಕ್ಕೆ ಇಳಿಯುವವರು ಇನ್ನೂ ಕಡಿಮೆ.

ಹೇಳಿದ್ದು ತಲುಪದಿದ್ದರೆ

ಒಬ್ಬನೇ ಮಾಡುವ ಕೆಲಸದಲ್ಲಿ ಈ ಮೂರು ಮೆಟ್ಟಿಲನ್ನೂ ಒಬ್ಬನ ಮನಸ್ಸೇ ಹತ್ತುತ್ತದೆ. ನಾಲ್ಕು ಜನ ಸೇರಿ ಮಾಡುವ ಕೆಲಸದಲ್ಲಿ ಒಬ್ಬನು ಕಾಣುತ್ತಾನೆ, ಮತ್ತೊಬ್ಬನು ನಿರ್ಧರಿಸುತ್ತಾನೆ. ನಡುವೆ ಇರುವುದು ಮಾತು. ಆ ಮಾತು ಸಣ್ಣದಾದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ವಿಮಾನದ ಉದಾಹರಣೆ ಕೊಡಬೇಕಾಗಿದೆ.

1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ 173ನೇ ವಿಮಾನ 189 ಜನರೊಡನೆ ಪೋರ್ಟ್‌ಲ್ಯಾಂಡ್ ನಗರಕ್ಕೆ ಬಂತು. ಚಕ್ರ ಇಳಿಸುವಾಗ ದೊಡ್ಡ ಸದ್ದಾಯಿತು, ಒಂದು ದೀಪ ಹತ್ತಲಿಲ್ಲ. ಬಹಳ ಅನುಭವಿಯಾದ ಮುಖ್ಯ ಪೈಲಟ್ ನಗರದ ಹೊರಗೆ ಸುಮಾರು ಒಂದು ಗಂಟೆ ಕಾಲ ವಿಮಾನ ತಿರುಗಿಸುತ್ತ, ಚಕ್ರದ ವಿಚಾರವನ್ನೂ ಪ್ರಯಾಣಿಕರನ್ನು ಸಿದ್ಧಪಡಿಸುವ ವಿಚಾರವನ್ನೂ ನೋಡುತ್ತಿದ್ದ. ಇಂಧನ ಇಳಿಯುತ್ತಿತ್ತು. ಎಂಜಿನಿಯರ್ ಅದರ ಅಂಕಿಯನ್ನು ಹೇಳಿದ. ಇನ್ನು 15 ನಿಮಿಷವಾದರೆ ಇಂಧನ ತೀರ ಕಡಿಮೆಯಾಗುತ್ತದೆ ಎಂದೂ ತಿಳಿಸಿದ. ಆದರೆ ಹಿರಿಯನಾದ ಪೈಲಟ್ಟಿಗೆ ಎದುರು ನಿಂತು, ಈಗಲೇ ಇಳಿಯಬೇಕು ಎಂದು ಹೇಳಲಿಲ್ಲ. ಎಂಜಿನ್ನುಗಳು ಒಂದರ ನಂತರ ಒಂದು ನಿಂತವು. ನಿಲ್ದಾಣ ಇನ್ನು ಕೆಲವೇ ಮೈಲಿ ಇರುವಾಗ ವಿಮಾನ ಮರಗಳ ನಡುವೆ ಬಿತ್ತು. ಸತ್ತವರು 10 ಜನ. ಅವರಲ್ಲಿ ಆ ಎಂಜಿನಿಯರನೂ ಒಬ್ಬ.

ತನಿಖಾ ಮಂಡಳಿ ದೋಷವನ್ನು ಎರಡೂ ಕಡೆ ಕಂಡಿತು. ಜೊತೆಯವರು ಕೊಟ್ಟ ಸೂಚನೆಗೆ ಮುಖ್ಯ ಪೈಲಟ್ ಕಿವಿಗೊಡಲಿಲ್ಲ. ಜೊತೆಯವರು ತಮ್ಮ ಕಳವಳವನ್ನು ತಲುಪುವಂತೆ ಹೇಳಲಿಲ್ಲ. ಹಿರಿಯರ ಮುಂದೆ ಗಟ್ಟಿಯಾಗಿ ಮಾತಾಡಬಾರದು ಎಂಬ ಸಂಕೋಚ ನಮ್ಮ ನಾಡಿನದು ಮಾತ್ರ ಎಂದುಕೊಂಡಿದ್ದೇವೆ. ಹಾಗೇನೂ ಇಲ್ಲ.

ಈ ಅಪಘಾತದ ಮರುವರ್ಷ, 1979ರಲ್ಲಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಇದೇ ವಿಷಯದ ಮೇಲೆ ತಜ್ಞರ ಸಭೆ ಕರೆಯಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್ಟುಗಳಿಗೆ ಹೊಸ ತರಬೇತಿ ಪ್ರಾರಂಭಿಸಿತು. ವಿಮಾನ ಹಾರಿಸುವುದು ಅವರಿಗೆ ಮೊದಲೇ ಗೊತ್ತಿತ್ತು. ಕಲಿಸಿದ್ದು, ಹಿರಿಯನು ಕೇಳಿ ತಿಳಿಯಬೇಕು, ಕಿರಿಯನು ಕಂಡದ್ದನ್ನು ನೇರವಾಗಿ ಹೇಳಬೇಕು, ಏನೇ ಕೆಟ್ಟರೂ ಒಬ್ಬನು ವಿಮಾನವನ್ನೇ ನೋಡಿಕೊಂಡಿರಬೇಕು ಎಂಬುದನ್ನು. ಅದೇ 1981ರಲ್ಲಿ ಅಮೆರಿಕದ ಸರ್ಕಾರ ಇನ್ನೊಂದು ನಿಯಮ ಮಾಡಿತು. ಏರುವಾಗ, ಇಳಿಯುವಾಗ, ಅಂದರೆ ವಿಮಾನ 10,000 ಅಡಿಗಿಂತ ಕೆಳಗಿರುವಾಗ, ಚಾಲಕರು ಕೆಲಸಕ್ಕೆ ಸಂಬಂಧಿಸದ ಒಂದು ಮಾತನ್ನೂ ಆಡಕೂಡದು.

ಇದರ ಫಲ ಏನು ಎಂಬುದು 1989ರ ಜುಲೈ 19ರಂದು ಕಂಡುಬಂತು. ಅದೇ ಸಂಸ್ಥೆಯ 232ನೇ ವಿಮಾನದ ಬಾಲದ ಎಂಜಿನ್ ಒಡೆದು, ಅದರ ಚೂರುಗಳು ತಗುಲಿ, ವಿಮಾನವನ್ನು ತಿರುಗಿಸುವ ಮೂರೂ ವ್ಯವಸ್ಥೆಗಳು ಒಟ್ಟಿಗೆ ಸತ್ತುಹೋದವು. ಹಾಗಾದಾಗ ಏನು ಮಾಡಬೇಕೆಂದು ಯಾವ ಕೈಪಿಡಿಯಲ್ಲಿಯೂ ಬರೆದಿರಲಿಲ್ಲ. ಮುಖ್ಯ ಪೈಲಟ್ ಆಲ್ ಹೇನ್ಸ್ ತನಗೆ ಎಲ್ಲ ಗೊತ್ತು ಎನ್ನಲಿಲ್ಲ. ಪ್ರಯಾಣಿಕನಾಗಿ ಕೂತಿದ್ದ ಡೆನಿಸ್ ಫಿಚ್ ಎಂಬ ತರಬೇತುದಾರ ಪೈಲಟ್ಟನ್ನು ಒಳಗೆ ಕರೆಸಿಕೊಂಡು, ಉಳಿದ ಎರಡು ಎಂಜಿನ್ನುಗಳ ವೇಗ ಹೆಚ್ಚು ಕಡಿಮೆ ಮಾಡುವ ಕೆಲಸವನ್ನು ಅವರಿಗೇ ವಹಿಸಿದರು. ನಾಲ್ಕೂ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಕೇಳಿಕೊಳ್ಳುತ್ತ ವಿಮಾನವನ್ನು ಸೂ ಸಿಟಿ ನಿಲ್ದಾಣದವರೆಗೆ ತಂದರು. ಇಳಿಯುವಾಗ ವಿಮಾನ ಮುರಿದು ಬೆಂಕಿ ಹತ್ತಿತು, 112 ಜನ ಸತ್ತರು. ಆದರೆ 296 ಜನರಲ್ಲಿ ಒಬ್ಬರೂ ಉಳಿಯಲಾರರು ಎಂಬಂಥ ಸ್ಥಿತಿಯಿಂದ 184 ಜನ ಬದುಕಿ ಬಂದರು. ಇದಕ್ಕೆ ಆ ತರಬೇತಿಯೂ ಒಂದು ಮುಖ್ಯ ಕಾರಣ ಎಂದು ಹೇನ್ಸ್ ಅವರೇ ಆಮೇಲೆ ಹೇಳುತ್ತ ಬಂದರು.

ನಮ್ಮ ತೋಟಗಳಲ್ಲಿ

ವಿಮಾನಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವ ಸದಸ್ಯರು ಮೆಣಸು ಕೊಯ್ಲಿನ ದಿನಗಳನ್ನು ನೆನೆಸಿಕೊಳ್ಳಬೇಕು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕೂಲಿಯಾಳು ಸತ್ತ ಸುದ್ದಿಯನ್ನು ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯಿಂದ ನಾವು ಮತ್ತೆ ಮತ್ತೆ ಓದಿದ್ದೇವೆ. ಆ ತಂತಿ ರಾತ್ರೋರಾತ್ರಿ ಬಂದದ್ದಲ್ಲ, ಎಷ್ಟೋ ವರ್ಷದಿಂದ ಅಲ್ಲಿಯೇ ಇರುವಂಥದು. ಆದರೆ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ನಿಲ್ಲಿಸಿದಂತೆಯೇ ಸಾಗಿಸುವಾಗ ಹಿಡಿದವರ ಕಣ್ಣು ಏಣಿಯ ಬುಡದ ಮೇಲೆ, ಮುಂದಿನವನ ಕಣ್ಣು ಮೆಣಸಿನ ಗೊಂಚಲಿನ ಮೇಲೆ, ಯಜಮಾನನ ಕಣ್ಣು ಚೀಲದ ಲೆಕ್ಕದ ಮೇಲೆ. ಏಣಿಯ ತುದಿಯನ್ನು ನೋಡುವವರು ಇಲ್ಲ. ಮಯಾಮಿಯ ವಿಮಾನದಲ್ಲಿ ಆದದ್ದೂ ಇದೇ. ಅಡಿಕೆ ಕೊಯ್ಲಿಗೆ, ಸಿಂಪಡಣೆಗೆ ಈಚೆಗೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅವು ಹಗುರ, ನೋಡಲು ಲೋಹದಂತೆ ಕಾಣುವುದಿಲ್ಲ, ಆದರೆ ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ.

ಆದುದರಿಂದ ನಮ್ಮ ಸದಸ್ಯರು ಈ ಕೆಳಗಿನ ಕ್ರಮಗಳನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಇವುಗಳಿಗೆ ಕಾಸು ಖರ್ಚಿಲ್ಲ.

ಒಂದನೆಯದಾಗಿ, ಕೆಲಸ ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ಒಂದೆಡೆ ನಿಂತು ಮಾತಾಡಬೇಕು. ಇವತ್ತು ಯಾವ ಸಾಲು, ತಂತಿ ಎಲ್ಲಿದೆ, ಒಣಗಿದ ಮರ ಯಾವುದು, ಕಣಜದ ಗೂಡು ಎಲ್ಲಿ ಕಟ್ಟಿದೆ, ಮಳೆ ಬಂದರೆ ಏನು ಮಾಡುವುದು. ಯಜಮಾನನೊಬ್ಬನೇ ಹೇಳಿ ಮುಗಿಸಬಾರದು. ನಿನ್ನೆ ಆ ಸಾಲಿನಲ್ಲಿ ಕೆಲಸ ಮಾಡಿದವನನ್ನು ಕೇಳಬೇಕು. ಅವನು ಕಂಡದ್ದು ಇವನಿಗೆ ಕಂಡಿರುವುದಿಲ್ಲ.

ಎರಡನೆಯದಾಗಿ, ಕೈಗೆ ಕೆಲಸವಿಲ್ಲದ ಒಬ್ಬನು ಇರಲೇಬೇಕು. ಮರದ ಮೇಲೆ, ಏಣಿಯ ಮೇಲೆ ಜನ ಇರುವಷ್ಟು ಹೊತ್ತೂ ಅವನ ಕೆಲಸ ನೋಡುವುದು ಮಾತ್ರ. ತಂತಿ, ಆಕಾಶ, ಹಗ್ಗ, ಮೇಲಿನವನ ಕಾಲು, ಇವಿಷ್ಟನ್ನೇ ನೋಡಬೇಕು. ಪಂಪು ಕೆಟ್ಟರೆ ಉಳಿದವರು ಹೋಗಲಿ, ಅವನು ಮಾತ್ರ ಜಾಗ ಬಿಡಬಾರದು. ಒಬ್ಬನ ಕೂಲಿ ದಂಡ ಎಂದು ಅನ್ನಿಸಬಹುದು. ನಾಲ್ಕು ಜನರ ಕೆಲಸಕ್ಕೆ ಐದನೆಯವನು ಬೇಡ, ನಾಲ್ವರಲ್ಲಿಯೇ ಒಬ್ಬನು ಸರದಿಯ ಮೇಲೆ ನಿಂತರೆ ಸಾಕು.

ಮೂರನೆಯದಾಗಿ, ಕಿರಿಯವನ ಮಾತಿಗೆ ದಾರಿ ಇರಬೇಕು. "ಗೌಡ್ರೇ, ಏಣಿ ಸ್ವಲ್ಪ ಆ ಕಡೆ ಹೋದ ಹಾಗೆ ಕಾಣ್ತದಲ್ಲ" ಎಂದು ಗೊಣಗಿದರೆ ಪ್ರಯೋಜನವಿಲ್ಲ. "ಗೌಡ್ರೇ, ನಿಲ್ಲಿಸಿ, ತಂತಿ ಹತ್ತಿರ ಬಂತು" ಎನ್ನಬೇಕು. ನಿಲ್ಲಿಸಿ ಎಂಬ ಮಾತು ಯಾರ ಬಾಯಿಂದ ಬಂದರೂ, ನಿನ್ನೆ ಸೇರಿದ ಹುಡುಗನಿಂದ ಬಂದರೂ, ಕೆಲಸ ನಿಲ್ಲಬೇಕು. ನೋಡಿದ ಮೇಲೆ ಏನೂ ಇಲ್ಲವೆಂದು ಕಂಡರೂ ಅವನನ್ನು ಹಾಸ್ಯ ಮಾಡಬಾರದು. ಒಮ್ಮೆ ನಗೆಪಾಟಲಾದವನು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಕೇಳಿದವನು "ತಂತಿ ಹತ್ತಿರ ಇದೆ, ಏಣಿ ಇಳಿಸ್ತೇನೆ" ಎಂದು ಮರುನುಡಿಯಬೇಕು. ಮಾತು ತಲುಪಿದೆ ಎಂಬುದಕ್ಕೆ ಅದೇ ಗುರುತು.

ನಾಲ್ಕನೆಯದಾಗಿ, ಎಚ್ಚರವನ್ನು ನೆನಪಿಗೆ ಮಾತ್ರ ಬಿಡಬಾರದು, ಕಣ್ಣಿಗೆ ಕಾಣುವಂತೆ ಮಾಡಬೇಕು. ಏಣಿ ಅಥವಾ ದೋಟಿ ಎಷ್ಟು ಉದ್ದವೋ ಅದಕ್ಕಿಂತ ಕಡಿಮೆ ದೂರದಲ್ಲಿ ತಂತಿಯಿರುವ ಮರಗಳಿಗೆಲ್ಲ ಕೆಂಪು ಬಣ್ಣದ ಪಟ್ಟೆ ಬಳಿಯಬಹುದು. ಪಟ್ಟೆ ಇರುವ ಮರದಲ್ಲಿ ಲೈನ್‌ಮನ್ ಬಂದು ವಿದ್ಯುತ್ ಕಡಿತ ಮಾಡಿದ ಹೊರತು ಕೆಲಸವಿಲ್ಲ. ಅಂಥ ಕಡೆ ಒದ್ದೆಯಾದ ಬಿದಿರನ್ನೂ ನಂಬುವಂತಿಲ್ಲ. ಏಣಿಯನ್ನು ಯಾವಾಗಲೂ ಮಲಗಿಸಿಯೇ ಸಾಗಿಸಬೇಕು. ಹಾಗೆಯೇ ಮನೆಯ ಗೋಡೆಯ ಮೇಲೆ ಔಷಧಿ ಹೊಡೆದ ತಾರೀಖು, ಹೂಮಳೆ ಬಿದ್ದ ತಾರೀಖು, ಎಷ್ಟು ಮಳೆ ಎಂಬುದನ್ನು ಬರೆದು ಹಾಕಿದರೆ, ಮನೆಯ ಎಲ್ಲರಿಗೂ ಮುಂದಿನ ಕೆಲಸ ಎಂದು ಎಂಬುದು ಗೊತ್ತಾಗುತ್ತದೆ. ಯಜಮಾನ ಜ್ವರ ಬಂದು ಮಲಗಿದರೂ ಕೆಲಸ ತಪ್ಪುವುದಿಲ್ಲ.

ಐದನೆಯದಾಗಿ, ಜನ ಮರದ ಮೇಲಿರುವಾಗ ಕೆಳಗಿನವನ ಕೈಯಲ್ಲಿ ಮೊಬೈಲ್ ಫೋನ್ ಇರಕೂಡದು. ವಿಮಾನದವರ 10,000 ಅಡಿಯ ನಿಯಮ ನಮ್ಮ 50 ಅಡಿಯ ಮರಕ್ಕೂ ಸಲ್ಲುತ್ತದೆ. ಮಧ್ಯಾಹ್ನದ ಊಟಕ್ಕೆ ಮೊದಲಿನ ಒಂದು ಗಂಟೆ ಮತ್ತು ಸಂಜೆ ಕೆಲಸ ಬಿಡುವ ಹೊತ್ತು ಮೈಯೂ ಮನಸ್ಸೂ ದಣಿದಿರುತ್ತವೆ. ಇನ್ನೊಂದೇ ಮರ ಉಳಿದಿದೆ, ಮುಗಿಸಿಬಿಡೋಣ ಎಂಬ ಮಾತು ಬಂದಾಗಲೇ ಹೆಚ್ಚು ಎಚ್ಚರ ಬೇಕು.

ಸುದ್ದಿಯೂ ಒಂದು ಕಣ್ಣು

ನಮ್ಮ ಕಣ್ಣಿಗೆ ನಿಲುಕದ್ದನ್ನು ನೆರೆಯವರ ಕಣ್ಣು ಕಾಣುತ್ತದೆ. ತಮಿಳುನಾಡಿನ ವಾಲ್ಪಾರೈ ಕಡೆಯ ಚಹಾ, ಕಾಫಿ ತೋಟಗಳಲ್ಲಿ ಕಾಡಾನೆಗಳು ಎಲ್ಲಿವೆ ಎಂಬ ಸುದ್ದಿಯನ್ನು ಮೊಬೈಲ್ ಸಂದೇಶದ ಮೂಲಕ, ಎತ್ತರದಲ್ಲಿ ನಿಲ್ಲಿಸಿದ ಕೆಂಪು ದೀಪಗಳ ಮೂಲಕ ಜನರಿಗೆ ಮುಟ್ಟಿಸುವ ಏರ್ಪಾಡನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಸ್ಥಳೀಯರೊಡನೆ ಸೇರಿ ಮಾಡಿದರು. ದೀಪ ಹತ್ತಿದ್ದನ್ನು ಕಂಡವನು ಆ ದಾರಿ ಹಿಡಿಯದೆ ಮನೆ ಸೇರಬಹುದು. ಆನೆ ಬರುವುದನ್ನು ದೀಪ ತಡೆಯುವುದಿಲ್ಲ, ಆನೆ ಇದೆ ಎಂಬುದು ತಿಳಿಯದೆ ಅದರ ಎದುರಿಗೆ ಹೋಗಿ ನಿಲ್ಲುವುದನ್ನು ತಡೆಯುತ್ತದೆ. ಕೊಳೆರೋಗ ಯಾವ ಬಯಲಿನಲ್ಲಿ ಮೊದಲು ಕಂಡಿತು, ಬೋರರ್ ಯಾವ ತೋಟದಲ್ಲಿ ಹೆಚ್ಚಿದೆ ಎಂಬ ಸುದ್ದಿಯೂ ಇದೇ ರೀತಿ ಊರೊಳಗೆ ಓಡಾಡಬೇಕು. ತನ್ನ ತೋಟಕ್ಕೆ ರೋಗ ಬಂದದ್ದನ್ನು ಹೇಳಿಕೊಳ್ಳಲು ನಾಚಿಕೆಪಡುವವರು ನಮ್ಮಲ್ಲಿ ಇದ್ದಾರೆ. ಅವರ ನಾಚಿಕೆಯ ಬೆಲೆಯನ್ನು ನೆರೆಯವನ ತೋಟ ತೆರುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾವು ಬಹಳ ಸಲ ನಷ್ಟವಾದ ನಂತರ ನೆನೆಸುತ್ತೇವೆ. ವಿಮಾನದವರು ಬುದ್ಧಿ ಕಲಿತದ್ದು ನೂರಾರು ಜೀವ ಹೋದ ಮೇಲೆ. ಅವರು ಕಲಿತದ್ದನ್ನು ನಾವು ಜೀವ ತೆರದೆ ಪಡೆಯಬಹುದು. ಮುಂದಿನ ಕೊಯ್ಲಿಗೆ ಏಣಿ ಎತ್ತುವ ಮೊದಲು ಸದಸ್ಯರು ಒಂದೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲಿ: ನಾವೆಲ್ಲ ಕೆಲಸದಲ್ಲಿರುವಾಗ ಸುತ್ತ ನೋಡುವವರು ಯಾರು? ಒಬ್ಬನಾದರೂ "ನಾನು" ಎಂದ ಮೇಲೆ ಏಣಿ ಎತ್ತಲಿ.